ಕೂಲಿಯ ಕಾಲಮಿನಲ್ಲಿ ಸೊನ್ನೆ

ಪ್ರಥಮ ಪಿಯುಸಿಗೆ ಸೇರಿದ ಮೊದಲ ವಾರ ನಾವೆಲ್ಲ ತರಗತಿಯಲ್ಲಿ ನಿಂತು ಮನೆಯವರ ಪರಿಚಯ ಹೇಳಿದ್ದು ನಿಮಗೆ ನೆನಪಿರಬಹುದು. ಅಣ್ಣ ಏನು ಮಾಡುತ್ತಾರೆ ಎಂದು ಕೇಳಿದಾಗ ನಾನು "ಆಟೋಮೊಬೈಲ್ ಬಿಸಿನೆಸ್" ಎಂದಿದ್ದೆ. ಅದು ಸುಳ್ಳು. ನನ್ನ ಭಾಯಿಜಾನ್ ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಟ್ಟು, ಬೇರೆಯವರ ಗ್ಯಾರೇಜಿನಲ್ಲಿ ಬೈಕ್, ಸ್ಕೂಟರ್ ರಿಪೇರಿ ಮಾಡುತ್ತಾರೆ. ಆ ಸುಳ್ಳನ್ನು ಸರಿಪಡಿಸಲು ಈ ಲೇಖನ.

ನಮ್ಮ ಹಿತ್ತಲಿನಲ್ಲಿ ದಾದಾ 1986ರಲ್ಲಿ ಕೊಂಡ ಬಜಾಜ್ ಚೇತಕ್ ಎಂಟು ವರ್ಷದಿಂದ ನಿಂತಿತ್ತು. ಆ ಕಾಲದಲ್ಲಿ ಈ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತಂತೆ. 1991ಕ್ಕೆ ಮುಂಚಿನ ಲೈಸೆನ್ಸ್ ಪದ್ಧತಿಯನ್ನು ನಾವು ಪಾಠದಲ್ಲಿ ಓದುತ್ತೇವೆ. ದಾದಾ ಅದನ್ನು ಕಾದು ನೋಡಿದವರು. ಈಗ ಗುಜರಿಯವನು ಅದೇ ಗಾಡಿಗೆ 3,500 ರೂಪಾಯಿ ಹೇಳಿದ. ಅಬ್ಬಾ ಒಪ್ಪಿಯೂ ಬಿಟ್ಟಿದ್ದರು. "ನಾವೇ ಬಿಚ್ಚಿ ಜೋಡಿಸೋಣ, ಎಲ್ಲರೂ ಸೇರಿ" ಎಂದವರು ಭಾಯಿಜಾನ್.

ಮನೆಮಂದಿ ಸೇರಿ ಗಾಡಿ ಕಟ್ಟುವುದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಬಿಡಿಭಾಗಗಳಾಗಿಯೇ ಮಾರುತ್ತಿದ್ದರು. ಜನ ಅದನ್ನು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. ವಾಣಿಜ್ಯ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಕಾರಣ ಇದಕ್ಕಿದೆ: ಸಿದ್ಧ ಕಾರಿಗೆ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬಂದಾಗ ಆ ಲಾಭ ಹೋಯಿತು. ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸುವುದು ಸುಲಭವಲ್ಲ. 1988ರ ಮೋಟಾರು ವಾಹನ ಕಾಯ್ದೆ ಗಾಡಿಯ ಮೂಲ ರೂಪ ಬದಲಿಸಲೂ ಬಿಡುವುದಿಲ್ಲ. ಆದರೆ ಹಳೆಯ ಗಾಡಿಯನ್ನು ಇದ್ದ ಹಾಗೆಯೇ ಸರಿಮಾಡಬಹುದು. ನೋಂದಣಿಗೆ 15 ವರ್ಷ ತುಂಬಿದ ಮೇಲೆ ಗಾಡಿ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಹನ್ನೊಂದು ಭಾನುವಾರ ಬೇಕಾಯಿತು. ಅಬ್ಬಾ ತುಕ್ಕು ಉಜ್ಜಿದರು. ಅಮ್ಮಿ ನಟ್ಟು ಬೋಲ್ಟುಗಳನ್ನು ಹಳೆಯ ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಬೇರೆಬೇರೆ ಮಾಡಿಟ್ಟರು. ಸೈಲೆನ್ಸರಿನಲ್ಲಿ ಕಟ್ಟಿಕೊಂಡಿದ್ದ ಮಸಿಯನ್ನು ಭಾಯಿಜಾನ್ ಸುಟ್ಟು ತೆಗೆದರು. ನನಗೆ ಲೆಕ್ಕದ ಪುಸ್ತಕ ಕೊಟ್ಟರು. ಆಮೇಲೆ ಪಾನಾ ಕೂಡ ಕೊಟ್ಟರು. ಪಕ್ಕದ ಮನೆಯ ಖಾಲಾ "ಹುಡುಗಿಗೆ ಯಾಕಪ್ಪಾ ಗ್ರೀಸು?" ಎಂದರು. ಅಮ್ಮಿ ನಕ್ಕು ಅವರಿಗೆ ಚಹಾ ಕೊಟ್ಟರು.

ಗೇರಿನ ಎರಡು ಕೇಬಲ್ ಹಾಕಿದವಳು ನಾನು. ಅಬ್ಬಾ ಗಾಡಿ ಶುರು ಮಾಡಿ ಗೇರು ಹಾಕಿದರೆ ಎಲ್ಲ ಉಲ್ಟಾ. ಎರಡನ್ನೂ ಅದಲುಬದಲು ಹಾಕಿದ್ದೆ. ಬೈಗುಳ ಕಾದಿದ್ದೆ. ಭಾಯಿಜಾನ್ "ಬಿಚ್ಚು, ಮತ್ತೆ ಹಾಕು" ಎಂದರು, ಅಷ್ಟೇ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ನಮ್ಮ ಉಪನ್ಯಾಸಕರು ಹೇಳುವುದೂ ಇದೇ ಮಾತು.

ಕೊನೆಗೆ ಲೆಕ್ಕ ಮುಗಿಸಿದೆ. ಪಿಸ್ಟನ್, ಬೋರ್ 2,600, ಟೈರು, ಟ್ಯೂಬು 2,900, ಕೇಬಲ್, ಪ್ಲಗ್, ರಬ್ಬರ್ ಭಾಗ 1,150, ಪೇಂಟ್ 4,500, ಸೀಟು 900. ಒಟ್ಟು 12,050 ರೂಪಾಯಿ. ಕೂಲಿಯ ಕಾಲಮಿನಲ್ಲಿ ಸೊನ್ನೆ ಬರೆದಿದ್ದೆ. ಭಾಯಿಜಾನ್ ಪುಸ್ತಕ ನೋಡಿ "ನನ್ನ ಕೂಲಿ ಎಲ್ಲಿ ಮೇಡಂ?" ಎಂದು ತಮಾಷೆ ಮಾಡಿದರು. ಹೊರಗಿನವರಾದರೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. "ಐದಾರು ಸಾವಿರ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತರಗತಿಯಲ್ಲಿ ಅವರ ಕೆಲಸದ ಹೆಸರನ್ನೇ ಬದಲಿಸಿದ್ದವಳು, ಪುಸ್ತಕದಲ್ಲಿ ಅದರ ಬೆಲೆಯನ್ನೂ ಅಳಿಸಿದ್ದೆ. ಈ ಕಾಲೇಜಿನ ನನ್ನ ಶುಲ್ಕ ಅದೇ ಕೂಲಿಯಿಂದ ಬರುತ್ತದೆ.

"ಹಾಗಾದರೆ ಓದು ಬಿಟ್ಟು ಎಲ್ಲರೂ ಗ್ಯಾರೇಜಿಗೆ ಹೋಗಬೇಕೇ?" ಎಂದು ಕೆಲವರು ಕೇಳಬಹುದು. ಖಂಡಿತ ಬೇಡ. ಭಾಯಿಜಾನ್ ಇಷ್ಟಪಟ್ಟು ಶಾಲೆ ಬಿಟ್ಟವರಲ್ಲ. ಆಗ ಅಬ್ಬಾ ಅಂಗಡಿಯಲ್ಲಿ ವ್ಯಾಪಾರ ಇರಲಿಲ್ಲ. ನಮ್ಮ ಸಮುದಾಯದಲ್ಲಿ ಹೀಗೆ ಹದಿನಾರಕ್ಕೇ ಪಾನಾ ಹಿಡಿದ ಹುಡುಗರು ಬಹಳ ಇದ್ದಾರೆ, ಅದು ನಿಲ್ಲಬೇಕು. ಆದರೆ ಓದು ಬಿಟ್ಟದ್ದು ದುಃಖದ ವಿಷಯ ಎನ್ನುವುದು ಬೇರೆ, ಮಾಡುವ ಕೆಲಸ ಕೀಳು ಎನ್ನುವುದು ಬೇರೆ. ನಾವು ಎರಡನ್ನೂ ಒಂದು ಮಾಡಿಬಿಟ್ಟಿದ್ದೇವೆ. "ಓದದಿದ್ದರೆ ಮೆಕ್ಯಾನಿಕ್ ಆಗ್ತೀಯ" ಎಂದು ನಮ್ಮನ್ನು ಹೆದರಿಸುವವರು, ಗಾಡಿ ನಿಂತರೆ ಮೊದಲು ಫೋನ್ ಮಾಡುವುದು ಯಾರಿಗೆ?

ನನ್ನ ಕೋರಿಕೆ ಎರಡು. ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ: ವೃತ್ತಿ ಮಾರ್ಗದರ್ಶನ ದಿನಕ್ಕೆ ಡಾಕ್ಟರ್, ಇಂಜಿನಿಯರ್, ಸಿ.ಎ. ಅವರ ಜೊತೆ ಒಬ್ಬ ಮೆಕ್ಯಾನಿಕ್, ಒಬ್ಬ ವೆಲ್ಡರ್, ಒಬ್ಬ ದರ್ಜಿಯನ್ನೂ ಕರೆಯಿರಿ. ಅವರು ದರ ಹೇಗೆ ನಿಗದಿ ಮಾಡುತ್ತಾರೆ, ಸಾಲ ಹೇಗೆ ವಸೂಲಿ ಮಾಡುತ್ತಾರೆ ಎಂಬುದು ನಮಗೆ ಪಾಠವೇ. ಸ್ನೇಹಿತರಲ್ಲಿ: ರಜೆಯಲ್ಲಿ ಮನೆಯವರೆಲ್ಲ ಸೇರಿ ಕೆಟ್ಟುನಿಂತ ಒಂದು ವಸ್ತುವನ್ನು ಸರಿಮಾಡಿ. ಸ್ಕೂಟರೇ ಆಗಬೇಕಿಲ್ಲ, ಮಿಕ್ಸಿ, ಹೊಲಿಗೆ ಯಂತ್ರ, ಸೈಕಲ್ ಸಾಕು. ಖರ್ಚು ಬರೆಯಿರಿ, ಕೂಲಿಯ ಕಾಲಮ್ ಬಿಡಬೇಡಿ.

ನನ್ನ ಪುಸ್ತಕದಲ್ಲಿ ಸೊನ್ನೆ ಹೊಡೆದು 5,500 ಎಂದು ತಿದ್ದಿದ್ದೇನೆ. ಅಬ್ಬಾ ಅದನ್ನು ಕಂತಿನಲ್ಲಿ ಕೊಡುತ್ತಿದ್ದಾರೆ. ಭಾಯಿಜಾನ್ ಬೇಡವೆಂದರೂ ಅಮ್ಮಿ ಬಿಡುತ್ತಿಲ್ಲ. ಇನ್ನು ಯಾರಾದರೂ ಅಣ್ಣ ಏನು ಮಾಡುತ್ತಾರೆ ಎಂದು ಕೇಳಿದರೆ ನನ್ನ ಉತ್ತರ: ಮೆಕ್ಯಾನಿಕ್. ನಿಮ್ಮ ಗಾಡಿ ಕೆಟ್ಟರೆ ಹೇಳಿ, ನಂಬರ್ ಕೊಡುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ