ಬೆಂಕಿಯಿಲ್ಲದ ಒಲೆಗೆ ಚಿಕಿತ್ಸೆ

ಮೈಕ್ರೋವೇವ್ ಒಲೆಯು ಕೆಡುವ ರೀತಿಯೇ ವಿಚಿತ್ರವಾದುದು. ದೀಪ ಹತ್ತುವುದು, ಗಾಜಿನ ತಟ್ಟೆ ತಿರುಗುವುದು, ಅವಧಿ ತೀರಿದೊಡನೆ ಗಂಟೆಯೂ ಬಾರಿಸುವುದು. ಒಳಗಿಟ್ಟ ಹಾಲು ಮಾತ್ರ ಇಟ್ಟ ಹಾಗೆಯೇ ತಣ್ಣಗಿರುವುದು. ದೀಪ, ವಾದ್ಯ, ಉಪಚಾರ ಎಲ್ಲವೂ ಇದ್ದು ಊಟವೊಂದೇ ಇಲ್ಲದ ಮದುವೆಮನೆ!

ನಮ್ಮ ಮನೆಯ ಒಂಬತ್ತು ವರ್ಷದ ಒಲೆಗೆ ಈ ವ್ಯಾಧಿ ತಗುಲಿದಾಗ ಮೂರು ಮತಗಳು ಹೊರಟವು. ಹೊಸದನ್ನು ತರುವುದೇ ಲೇಸೆಂದು ಶ್ರೀಮತಿಯವರ ಮತ. ತಾಯಿಯವರು ರಿಪೇರಿಯ ಪಕ್ಷ. ಇಂಜಿನಿಯರಿಂಗ್ ಓದುತ್ತಿರುವ ಸೋದರಳಿಯನಿಗೋ, ಒಳಗಿನ ಟ್ರಾನ್ಸ್‌ಫಾರ್ಮರನ್ನು ಹೊರತೆಗೆದು, ಮರದ ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡುವ ಯಂತ್ರವನ್ನು ಕಟ್ಟುವ ಹುಮ್ಮಸ್ಸು.

ಈ ಮೂರನೆಯದನ್ನೇ ಮೊದಲು ವಿಚಾರಿಸೋಣ. ಏಕೆಂದರೆ ಅದು ಹಣದ ಮಾತಲ್ಲ, ಪ್ರಾಣದ ಮಾತು. "ಮಾವ, ಪ್ಲಗ್ ಕಿತ್ತಿಟ್ಟಿದ್ದೇನಲ್ಲ, ಇನ್ನೇನು ಭಯ?" ಎಂದು ಹುಡುಗನು ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದನು. ಈ ಒಲೆಯ ಹೃದಯವು ಮ್ಯಾಗ್ನೆಟ್ರಾನ್ ಎಂಬ ನಳಿಗೆ. ಅದರ ಪ್ರಬಲ ರೂಪವನ್ನು 1940ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ಸಿದ್ಧಗೊಳಿಸಿದುದು ರೇಡಾರಿಗಾಗಿ, ಅಡುಗೆಗಾಗಿ ಅಲ್ಲ. ಇದಕ್ಕೆ ನಮ್ಮ ಗೋಡೆಯ 230 ವೋಲ್ಟ್ ಎಲ್ಲಿ ಸಾಕು? ನಾಲ್ಕು ಸಾವಿರದಷ್ಟು ಬೇಕು. ಟ್ರಾನ್ಸ್‌ಫಾರ್ಮರು ಎರಡು ಸಾವಿರದಷ್ಟಕ್ಕೆ ಏರಿಸಿದುದನ್ನು ಕೆಪಾಸಿಟರು, ಡಯೋಡು ಸೇರಿ ಇಮ್ಮಡಿಗೊಳಿಸುವುವು. ಆ ಕೆಪಾಸಿಟರನ್ನು ಒಂದು ಹಂಡೆಯೆಂದು ಭಾವಿಸಿರಿ. ನಲ್ಲಿ ನಿಂತ ಮೇಲೂ ಹಂಡೆಯಲ್ಲಿ ನೀರಿರುವಂತೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಲ್ಲುದು. ಅದನ್ನು ಬರಿದುಮಾಡುವ ರೆಸಿಸ್ಟರ್ ಒಳಗೆ ಸಾಮಾನ್ಯವಾಗಿ ಇದ್ದೇ ಇರುವುದು. ಅದೇ ಕೆಟ್ಟಿಲ್ಲವೆಂದು ಹೊರಗಿನಿಂದ ಹೇಳುವವರಾರು? ಇನ್ನು ಮರ ಸುಡುವ ಆ ವಿನೋದದಲ್ಲಿ ಅಮೆರಿಕದಲ್ಲಿ ಎಷ್ಟೋ ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. ಅಲ್ಲಿಯ ಮರಗೆಲಸದವರ ಸಂಘವೇ ತನ್ನ ಸಮಾರಂಭಗಳಲ್ಲಿ ಅದನ್ನು ನಿಷೇಧಿಸಿದೆ. ಹುಡುಗನು ಸ್ಕ್ರೂಡ್ರೈವರನ್ನು ಕೆಳಗಿಟ್ಟನು. ಮುಖವನ್ನು ಮಾತ್ರ ಎರಡು ದಿನ ಊದಿಸಿಕೊಂಡಿದ್ದನು.

ಉಳಿದ ಎರಡು ಮತಗಳ ನಡುವೆ ಬೆಲೆಯೇ ನ್ಯಾಯಾಧೀಶನೆಂದು ಸಾಮಾನ್ಯ ನಂಬಿಕೆ. ನನ್ನ ಎಣಿಕೆಯಲ್ಲಿ ಬಾಗಿಲೇ ಮೊದಲು. ಅಲೆಗಳನ್ನು ಒಳಗೇ ಹಿಡಿದಿಡುವುದು ಲೋಹದ ಪೆಟ್ಟಿಗೆ ಮತ್ತು ಬಾಗಿಲಿನ ಜಾಲರಿ. ಬಾಗಿಲು ಓರೆಯಾಗಿದ್ದರೆ, ಕೀಲು ಸಡಿಲಿದ್ದರೆ, ಒಳಗೋಡೆ ತುಕ್ಕು ತಿಂದು ತೂತಾಗಿದ್ದರೆ, ಅಂತಹ ಒಲೆಯ ಯಂತ್ರವನ್ನು ಯಾರಾದರೂ ಬಿಟ್ಟಿಯಾಗಿ ಸರಿಪಡಿಸಿಕೊಟ್ಟರೂ ಬೇಡ. ಅವೆಲ್ಲ ನೆಟ್ಟಗಿದ್ದರೆ, ಕೆಟ್ಟಿರುವ ಅಂಗ ಯಾವುದೆಂದು ನೋಡಬೇಕು. ಒಳಗೆ ಕಿಡಿ ಹಾರುತ್ತಿದ್ದರೆ ಅನೇಕ ವೇಳೆ ಜಿಡ್ಡು ಹತ್ತಿ ಸುಟ್ಟ ಅಭ್ರಕದ ಹಾಳೆಯೇ ಅಪರಾಧಿ. ಅದಾಗಲಿ, ಫ್ಯೂಸಾಗಲಿ, ಬಾಗಿಲಿನ ಸ್ವಿಚ್ಚಾಗಲಿ, ತಟ್ಟೆ ತಿರುಗಿಸುವ ಮೋಟಾರಾಗಲಿ ಅಲ್ಪ ಬೆಲೆಯವು. ಇವುಗಳಿಗಾಗಿ ಒಲೆಯನ್ನೇ ಬಿಸಾಡುವುದು ಗುಂಡಿ ಕಿತ್ತಿತೆಂದು ಅಂಗಿಯನ್ನೇ ಎಸೆದಂತೆ. ಮ್ಯಾಗ್ನೆಟ್ರಾನೇ ಹೋಗಿದ್ದರೆ ಮಾತ್ರ ಕಾಗದ, ಪೆನ್ಸಿಲು ಹಿಡಿದು ಕೂರಬೇಕು.

ತಾಯಿಯವರ ಪಕ್ಷಕ್ಕಾದರೋ ಬೇರೆಯೇ ಕಾರಣವಿತ್ತು. ಅವರ ಕೈ ನಡುಗುವುದು. ರಾತ್ರಿ ಗಂಜಿ ಬಿಸಿಮಾಡಲು ಗ್ಯಾಸ್ ಹಚ್ಚುವುದನ್ನು ನಾವೇ ಬಿಡಿಸಿದ್ದೇವೆ. ಹಳೆಯ ಒಲೆಯ ತಿರುಗಿಸುವ ಗುಂಡಿಯ ಪಕ್ಕದಲ್ಲಿ, ಎರಡು ನಿಮಿಷದ ಗುರುತಿನ ಮೇಲೆ, ಸೊಸೆಯ ಹರಳಿನ ಬಿಂದಿಯೊಂದನ್ನು ಅಂಟಿಸಿಕೊಂಡಿದ್ದಾರೆ. ದೀಪವಿಲ್ಲದಿದ್ದರೂ ಬೆರಳಿಗೆ ತಿಳಿಯುವುದು. ಅಳಿಯನ ಯಂತ್ರಕ್ಕಿಂತ ಉತ್ತಮವಾದ ಮಾರ್ಪಾಡೆಂದು ನಾನು ಹೇಳುವೆನು. ಶ್ರೀಮತಿಯವರು ಅಂಗಡಿಯಲ್ಲಿ ಮೆಚ್ಚಿ ಬಂದ ಒಲೆಯ ಮುಖವೋ ನುಣ್ಣನೆಯ ಗಾಜು.

ಮೆಕ್ಯಾನಿಕ್ ಬಂದು, ಮೊದಲು ಕೆಪಾಸಿಟರನ್ನು ಬರಿದುಮಾಡಿ, ಬಳಿಕ ಒಂದೊಂದೇ ಅಂಗವನ್ನು ಪರೀಕ್ಷಿಸಿದನು. ಅಳಿಯನು ದೂರದಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದನು. "ಬಾಗಿಲು, ಬಾಡಿ ಎಲ್ಲಾ ಗಟ್ಟಿ ಇದೆ ಸಾರ್. ಹೋಗಿರೋದು ಮ್ಯಾಗ್ನೆಟ್ರಾನು" ಎಂದನು. ಹೊಸ ಒಲೆಯ ಬೆಲೆಯ ಮೂರರಲ್ಲೊಂದು ಪಾಲು ಖರ್ಚು. ಒಂಬತ್ತು ವರ್ಷದ ಯಂತ್ರಕ್ಕೆ ಅದು ಹೆಚ್ಚೆಂದು ಶ್ರೀಮತಿಯವರು ವಾದಿಸಿದರು. ಲೆಕ್ಕವು ಅವರ ಕಡೆಗೇ ವಾಲಿತ್ತು. ನಾನು ಬಿಂದಿಯ ಕಡೆಗೆ ವಾಲಿದೆನು.

ಮೆಕ್ಯಾನಿಕ್ ಆರು ತಿಂಗಳ ಭರವಸೆ ಕೊಟ್ಟಿದ್ದಾನೆ. ಏಳನೆಯ ತಿಂಗಳಲ್ಲಿ ಮತ್ತೆ ಕೆಟ್ಟರೆ ಗುಂಡಿ ತಿರುಗಿಸುವ ಮಾದರಿಗಳು ಪೇಟೆಯಲ್ಲಿ ಇನ್ನೂ ದೊರೆಯುತ್ತವೆ. ಹಳೆಯದನ್ನು ಗುಜರಿಯವನ ಸುತ್ತಿಗೆಗೆ ಒಪ್ಪಿಸದೆ, 2022ರ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಾಯಿತರಾದ ಮರುಬಳಕೆಯ ಘಟಕದವರಿಗೆ ತಲುಪಿಸಿದರಾಯಿತು. ಬಿಂದಿಯ ಹಾಳೆಗಳಂತೂ ಶ್ರೀಮತಿಯವರ ಬಳಿ ಬೇಕಾದಷ್ಟಿವೆ.