ಶಿಶುವರ್ಗದ ಬಾಗಿಲು ಎಲ್ಲರಿಗೂ ತೆರೆದಿರಲಿ

ಪುಣೆ ಮಹಾನಗರದಲ್ಲಿ ನೆಲೆಸಿರುವ ಹೊರನಾಡ ಕನ್ನಡಿಗರಿಗೆ ಮಗುವಿಗೆ ಮೂರು ವರ್ಷ ತುಂಬಿತೆಂದರೆ ಶಿಶುವರ್ಗದ ಪ್ರವೇಶದ ಚಿಂತೆ ಶುರು. ಶಾಲೆ ಮನೆಗೆ ಹತ್ತಿರವಿರಬೇಕು, ಶುಲ್ಕ ಕೈಗೆಟುಕುವಂತಿರಬೇಕು, ಶಿಕ್ಷಕಿಯರು ಮಗುವನ್ನು ಅಕ್ಕರೆಯಿಂದ ನೋಡಿಕೊಳ್ಳಬೇಕು. ಕ್ಯಾಂಪ್, ಕೊಂಢ್ವಾ ಪರಿಸರದಲ್ಲಿ ಹೀಗೆ ಶಾಲೆ ಹುಡುಕುವವರಿಗೆ ಮುಸ್ಲಿಂ ಸಂಸ್ಥೆಗಳು ನಡೆಸುವ ಶಿಶುವರ್ಗಗಳೂ ಎದುರಾಗುತ್ತವೆ. ಒಳಗೆ ಹೋಗಿ ವಿಚಾರಿಸದೆ, ನಾಮಫಲಕ ಓದಿಯೇ ಹಿಂದಿರುಗುವ ಪಾಲಕರೂ ಉಂಟು. ಈ ಹಿಂಜರಿಕೆಯನ್ನು ತಪ್ಪೆಂದು ತಳ್ಳಿಹಾಕುವ ಬದಲು ಅದರ ಬಗ್ಗೆ ಮುಕ್ತವಾಗಿ ಮಾತನಾಡುವುದು ಒಳ್ಳೆಯದು.

ಕ್ಯಾಂಪಿನ ಆಝಮ್ ಕ್ಯಾಂಪಸ್ ಪುಣೆಯವರಿಗೆಲ್ಲ ಪರಿಚಿತ. ಇದನ್ನು ನಡೆಸುತ್ತಿರುವುದು 1948ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕಾಸ್ಮೊಪಾಲಿಟನ್ ಎಜುಕೇಶನ್ ಸೊಸೈಟಿ. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಹುಟ್ಟಿದ ಈ ಮುಸ್ಲಿಂ ಅಲ್ಪಸಂಖ್ಯಾತ ಸಂಸ್ಥೆ, ಎಲ್ಲ ಜನರನ್ನೂ ಒಳಗೊಳ್ಳುವ ಅರ್ಥದ ಹೆಸರನ್ನು ಹೊತ್ತಿರುವುದು ಗಮನಾರ್ಹ. ಇಂದು ಅಲ್ಲಿ ಶಿಶುವರ್ಗದಿಂದ ಸ್ನಾತಕೋತ್ತರದವರೆಗೆ ಶಿಕ್ಷಣ ದೊರೆಯುತ್ತದೆ. ಆಂಗ್ಲೊ ಉರ್ದು ಶಾಲೆಗಳು, ಇಂಗ್ಲಿಷ್ ಮಾಧ್ಯಮ ಶಾಲೆ, ವೃತ್ತಿಶಿಕ್ಷಣದ ಕಾಲೇಜುಗಳು, ಮಸೀದಿ ಎಲ್ಲವೂ ಒಂದೇ ಆವರಣದಲ್ಲಿವೆ. 2020ರ ಕೊರೊನಾ ಸಂಕಷ್ಟದಲ್ಲಿ ಆ ಮಸೀದಿಯ ಮಹಡಿಯ ಸಭಾಂಗಣವನ್ನೇ ಕ್ವಾರಂಟೈನ್ ಕೇಂದ್ರಕ್ಕಾಗಿ ಬಿಟ್ಟುಕೊಡಲಾಯಿತು. ತನ್ನ ಧರ್ಮದ ಗುರುತನ್ನು ಉಳಿಸಿಕೊಂಡೇ ಒಂದು ಸಂಸ್ಥೆ ಊರಿನವರೆಲ್ಲರಿಗೆ ಬೇಕಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಹೊರನಾಡ ಕನ್ನಡಿಗರಿಗೆ ಈ ಮಾತು ಅರ್ಥವಾಗದಿರಲು ಕಾರಣವಿಲ್ಲ. ಮಹಾರಾಷ್ಟ್ರದಲ್ಲಿ ಅವರೂ ಅಲ್ಪಸಂಖ್ಯಾತರೇ. ಸಂವಿಧಾನದ 30ನೇ ವಿಧಿ ಧಾರ್ಮಿಕ ಅಲ್ಪಸಂಖ್ಯಾತರಿಗೂ ಭಾಷಾ ಅಲ್ಪಸಂಖ್ಯಾತರಿಗೂ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಒಂದೇ ವಾಕ್ಯದಲ್ಲಿ ನೀಡಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ಆಯಾ ರಾಜ್ಯವನ್ನೇ ಘಟಕವಾಗಿಟ್ಟು ನಿರ್ಧರಿಸಬೇಕೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿದ್ದು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ. ಆ ತೀರ್ಪಿನ ಗೊಂದಲಗಳನ್ನು ಬಿಡಿಸಲು 2005ರಲ್ಲಿ ಏಳು ನ್ಯಾಯಮೂರ್ತಿಗಳು ಕುಳಿತ ಮೊಕದ್ದಮೆಗೆ ಆಝಮ್ ಕ್ಯಾಂಪಸ್‌ನ ಸಾರಥಿ ಪಿ.ಎ. ಇನಾಮ್‌ದಾರ್ ಅವರ ಹೆಸರಿದೆ. ಪುಣೆಯ ಕನ್ನಡ ಶಾಲೆ ಮತ್ತು ಕ್ಯಾಂಪಿನ ಮುಸ್ಲಿಂ ಶಾಲೆ ಒಂದೇ ಕೊಡೆಯಡಿ ನಿಂತಿವೆ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ. ಖಾಸಗಿ ಶಾಲೆಗಳಲ್ಲಿ ಶೇ. 25ರಷ್ಟು ಸೀಟುಗಳನ್ನು ಬಡ ಹಾಗೂ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕೆಂಬ 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಮುಂದಿಡುವಂತೆ ಸೂಚಿಸಿತು. ಅಂತಿಮ ತೀರ್ಮಾನ ಏನೇ ಬರಲಿ, ಬಡವರ ಮಗುವಿಗೂ ಪರರ ಮಗುವಿಗೂ ಜಾಗ ಕೊಡಲು ಕೋರ್ಟಿನ ಆದೇಶಕ್ಕಾಗಿ ಕಾಯಬೇಕಿಲ್ಲ.

ಇನ್ನು ಪಾಲಕರ ಆತಂಕದ ಮಾತು. ಹದಿನೈದರ ಹುಡುಗ ಪ್ರಶ್ನೆ ಕೇಳುತ್ತಾನೆ; ಮೂರರ ಮಗು ಕಂಡದ್ದನ್ನು ಮಾಡುತ್ತದೆ. ಊಟಕ್ಕೆ ಮುಂಚೆ ಟೀಚರು ಹೇಳಿಕೊಟ್ಟ ಪ್ರಾರ್ಥನೆಯನ್ನೇ ಮನೆಯಲ್ಲೂ ಹೇಳುತ್ತದೆ. ಇದು ಇಸ್ಲಾಮಿಕ್ ಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ಕಾನ್ವೆಂಟಿಗೂ, ಮಠದ ಶಾಲೆಗೂ ಸಲ್ಲುವ ಮಾತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಮಾನ್ಯತೆಯ ಗೊಡವೆಯೇ ಇಲ್ಲದೆ ಬಾಡಿಗೆ ಕೋಣೆಗಳಲ್ಲಿ ನಡೆಯುವ ಬಾಲವಾಡಿಗಳಿಗೆ ಈ ಕಟ್ಟಳೆ ತಲುಪುವುದು ಕಷ್ಟ. ಅಲ್ಲಿ ನಂಬಿಕೆಯೇ ಆಧಾರ. ಆದ್ದರಿಂದ ಶಾಲೆಯವರು ಪ್ರವೇಶದ ದಿನವೇ ಎಲ್ಲವನ್ನೂ ಬಿಡಿಸಿ ಹೇಳಬೇಕು: ದಿನದಲ್ಲಿ ಎಷ್ಟು ಹೊತ್ತು ದೀನಿಯಾತ್ ಪಾಠ, ಆ ಹೊತ್ತಿನಲ್ಲಿ ಇತರ ಮಕ್ಕಳಿಗೆ ಏನು ಚಟುವಟಿಕೆ, ಡಬ್ಬಿಯಲ್ಲಿ ಏನು ತರಬಹುದು, ರಮಜಾನಿನಲ್ಲಿ ವೇಳಾಪಟ್ಟಿ ಹೇಗೆ. ಪಾಲಕರೂ ಸಂಕೋಚವಿಲ್ಲದೆ ಕೇಳಬೇಕು. ಕೇಳಿದವರನ್ನು ಅನುಮಾನದ ಕಣ್ಣಿನಿಂದ ನೋಡದ ಶಾಲೆಯೇ ಒಳ್ಳೆಯ ಶಾಲೆ.

ಪುಣೆಗೆ ಈ ಕೂಡುಬಾಳು ಹೊಸದಲ್ಲ. ಹೆಣ್ಣುಮಕ್ಕಳ ಶಾಲೆಗಾಗಿ ದುಡಿದ ಸಾವಿತ್ರಿಬಾಯಿ ಫುಲೆ 1856ರ ಅಕ್ಟೋಬರ್‌ನಲ್ಲಿ ತವರಿನಿಂದ ಜ್ಯೋತಿಬಾ ಅವರಿಗೆ ಬರೆದ ಪತ್ರದಲ್ಲಿ, ತಾನಿಲ್ಲದಾಗ ಕೆಲಸದ ಭಾರವೆಲ್ಲ ಫಾತಿಮಾಳ ಮೇಲೆ ಬಿದ್ದಿರಬೇಕು, ಆದರೆ ಆಕೆ ಬೇಸರಿಸುವವಳಲ್ಲ ಎಂಬ ಭಾವವನ್ನು ತೋಡಿಕೊಂಡಿದ್ದಾರೆ. ಈ ನಗರದಲ್ಲಿ ಶಾಲೆಯ ಹೊಸ್ತಿಲು ಇಂತಹ ನಂಬಿಕೆಯಿಂದಲೇ ಗಟ್ಟಿಯಾಗಿದೆ.

ಇದೇ ಅಳತೆಗೋಲು ಕನ್ನಡ ಸಂಸ್ಥೆಗಳಿಗೂ ಸಲ್ಲಬೇಕು. ಪುಣೆ ಕನ್ನಡ ಸಂಘ ಕನ್ನಡ ಮಾಧ್ಯಮ ಶಾಲೆಯ ಜೊತೆಗೆ ಕಾವೇರಿ ಹೆಸರಿನ ವಿದ್ಯಾಸಂಸ್ಥೆಗಳನ್ನೂ ಕಟ್ಟಿ ಬೆಳೆಸಿರುವುದು ಹೆಮ್ಮೆಯ ವಿಷಯ. ಆದರೆ ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ದುಡಿಮೆಗಾಗಿ ಬಂದ, ಮನೆಯಲ್ಲಿ ದಖನಿ, ಹೊರಗೆ ಕನ್ನಡ ಆಡುವ ಮುಸ್ಲಿಂ ಕುಟುಂಬಗಳಿಗೆ ಸಂಘ ಸಂಸ್ಥೆಗಳ ಆಮಂತ್ರಣ ತಲುಪುತ್ತಿದೆಯೇ? ರಾಜ್ಯೋತ್ಸವದಂದು ಹತ್ತನೇ ತರಗತಿಯ ಪ್ರತಿಭಾವಂತರಿಗೆ ಶಾಲು, ಸ್ಮರಣಿಕೆ ನೀಡುವ ಸಂಘಗಳು ಮೂರು ವರ್ಷದ ಮಕ್ಕಳಿಗಾಗಿ ಏನು ಮಾಡುತ್ತಿವೆ? ಮಗುವಿನ ಮೆದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಕನ್ನಡ ಕಿವಿಗೆ ಬೀಳಬೇಕಾದ ವಯಸ್ಸು ಅದೇ.

ಹೆಚ್ಚು ಖರ್ಚಿನ ಕೆಲಸವೇನಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಕಥೆ, ಶಿಶುಗೀತೆ ಹೇಳಬಲ್ಲ ಹಿರಿಯ ಮಹಿಳೆಯರು ಪ್ರತಿ ಸಂಘದಲ್ಲೂ ಇದ್ದಾರೆ. ಕನ್ನಡ ಮಕ್ಕಳಿರುವ ಶಿಶುವರ್ಗ ಯಾವುದೇ ಇರಲಿ, ಇಸ್ಲಾಮಿಕ್ ಶಾಲೆಯೂ ಸೇರಿ, ಅಲ್ಲಿನ ಮುಖ್ಯೋಪಾಧ್ಯಾಯಿನಿಯರನ್ನು ಕಂಡು ಅವಕಾಶ ಕೇಳಬಹುದು. ಪದಾಧಿಕಾರಿಗಳು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನವೇ ಈ ಬಗ್ಗೆ ಕಾರ್ಯಪ್ರವೃತ್ತರಾದರೆ ಕನ್ನಡಕ್ಕೂ ಲಾಭ, ಪುಣೆಯ ಸೌಹಾರ್ದಕ್ಕೂ ಲಾಭ.