ಕವಿಗಳ ಪ್ರಹಸನವೂ ಕಾಲವಿಪರ್ಯಾಸವೂ

ಹಲಸೂರು ಕೆರೆಯ ತಡಿಯಲ್ಲಿ ತಿರುವಳ್ಳುವರರ ಪ್ರತಿಮೆಯು ಹದಿನೆಂಟು ವರ್ಷ ಮುಸುಕಿನಲ್ಲಿದ್ದು 2009ನೆಯ ಇಸವಿಯಲ್ಲಿ ಅನಾವರಣಗೊಂಡಿತು. ಅದೇ ತಿಂಗಳಲ್ಲಿ ಚೆನ್ನೈಯಲ್ಲಿ ಸರ್ವಜ್ಞನಿಗೂ ಪ್ರತಿಮೆಯಾಯಿತು. ಇದು ಸಲ್ಲತಕ್ಕ ಗೌರವವೇ. ಆದರೆ ಪ್ರತಿಮೆಗೆ ಕೈಮುಗಿದವರೆಲ್ಲರೂ ಕುರಳನ್ನೋ ತ್ರಿಪದಿಯನ್ನೋ ಓದಿದರೆಂದು ಹೇಳಲಾದೀತೆ? ಪ್ರತಿಮೆಯು ಕವಿಯನ್ನು ಎತ್ತರದಲ್ಲಿ ನಿಲ್ಲಿಸುವುದು. ಅವನನ್ನು ಮನೆಯೊಳಕ್ಕೆ ಕರೆತರುವ ಶಕ್ತಿ ನಗೆಗುಂಟು.

2016ರಿಂದ ಬಿ.ಬಿ.ಸಿ.ಯವರು ತೋರಿಸಿದ ಷೇಕ್ಸ್‌ಪಿಯರನ ಹಾಸ್ಯಮಾಲಿಕೆಯಲ್ಲಿ ಆ ಮಹಾಕವಿಯು, ಇಂದಿನವರು ರೈಲನ್ನು ಶಪಿಸುವಂತೆಯೇ, ಲಂಡನ್ನಿಗೆ ಹೋಗಿಬರುವ ಕುದುರೆಗಾಡಿಯ ವಿಳಂಬವನ್ನು ಶಪಿಸುವನು. ಇಂತಹುದನ್ನು ಕಂಡು ಕೆಲವರು, ಮಹಾಕವಿಯನ್ನು ವಿದೂಷಕನನ್ನಾಗಿಸುವುದು ಅಪಚಾರವೆಂದೂ ಕಾಲಕ್ರಮವನ್ನು ಕೆಡಿಸುವುದು ಅಜ್ಞಾನವೆಂದೂ ಗರ್ಜಿಸುವರು. ಅಂಥವರು ಬಲ್ಲಾಲನ ಭೋಜಪ್ರಬಂಧವನ್ನು ಮರೆತಿರಬೇಕು. ಧಾರಾನಗರದ ಭೋಜನು ಆಳಿದ್ದು 11ನೆಯ ಶತಮಾನದಲ್ಲಿ. ಕಾಳಿದಾಸನ ಹೆಸರೋ 634ರ ಐಹೊಳೆಯ ಶಾಸನದಲ್ಲಿಯೇ ಕೀರ್ತಿಗೆ ಮಾನದಂಡವಾಗಿರುವುದು. ಆದರೂ ಬಲ್ಲಾಲನು ಕಾಳಿದಾಸ, ಬಾಣ, ಭವಭೂತಿ, ಮಾಘರನ್ನು ಭೋಜನ ಒಂದೇ ಆಸ್ಥಾನದಲ್ಲಿ ಕೂಡಿಸಿ, ಕಾಳಿದಾಸನನ್ನು ವೇಶ್ಯಾಲೋಲನನ್ನಾಗಿಯೂ ಮಾಡಿ ನಗಿಸಿದನು. ಪಂಡಿತರು ತಲೆಮಾರುಗಳಿಂದ ಅದನ್ನೋದಿ ನಕ್ಕರು. ಯಾರೂ ರಘುವಂಶವನ್ನು ಕೆಳಗಿಡಲಿಲ್ಲ.

ಹಾಗಾದರೆ ಎಲ್ಲ ಕಲ್ಪನೆಯೂ ನಿರ್ದೋಷವೆ? ಅಲ್ಲ. 1983ರ 'ಕವಿರತ್ನ ಕಾಳಿದಾಸ' ಚಲಚ್ಚಿತ್ರದಲ್ಲಿ ರಾಜಕುಮಾರರು ಆ ಮುಗ್ಧನ ಪಾತ್ರವನ್ನು ಎಲ್ಲರೂ ಒಲಿಯುವಂತೆ ಅಭಿನಯಿಸಿದರು. ಅದರ ಆಧಾರವಾದ ಹಳೆಯ ದಂತಕಥೆಯಲ್ಲಿಯೇ ದೋಷವಿರುವುದು. ನಿರಕ್ಷರಕುಕ್ಷಿಯೊಬ್ಬನು ಕಾಳಿಯ ವರದಿಂದ ಒಮ್ಮೆಗೇ ಕವಿಯಾದನಂತೆ! ವ್ಯಾಕರಣವೂ ಛಂದಸ್ಸೂ ರಾಮಗಿರಿಯಿಂದ ಅಲಕೆಯವರೆಗಿನ ಮಾರ್ಗಜ್ಞಾನವೂ ಅಭ್ಯಾಸವಿಲ್ಲದೆ ಬಂದವೆ? ಈ ಕಥೆಯು ಕವಿಯನ್ನು ಮನುಷ್ಯನನ್ನಾಗಿಸುವುದಿಲ್ಲ. ಅವನ ಮನುಷ್ಯಪ್ರಯತ್ನವನ್ನೇ ಅಪಹರಿಸುವುದು. ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಪಾಠದಲ್ಲಿ ಹಿಂದುಳಿದ ಎಷ್ಟೋ ಬಾಲಕರು ಈ ಕಥೆಯನ್ನು ಕೇಳಿ ಬೆಳೆಯುವರು. ದಡ್ಡನಿಗೆ ವರವೊಂದೇ ಗತಿಯೆಂದು ತಿಳಿದ ಬಾಲಕನು ಪುಸ್ತಕವನ್ನೇಕೆ ತೆರೆದಾನು?

ಮನುಷ್ಯನಾದ ಕಾಳಿದಾಸನು ಬೇಕಾದವರು ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯನ್ನು ನೋಡಲಿ. ಭಾಸಾದಿಗಳಿರಲು ಈ ಹೊಸಬನ ನಾಟಕವೇಕೆಂಬ ಪ್ರಶ್ನೆಯನ್ನು ಅವನೇ ಅಲ್ಲಿ ಎತ್ತಿ, ಅವನೇ ಉತ್ತರಿಸಿರುವನು. ಸಭೆಗೆ ಅಂಜಿಯೂ ತನ್ನ ಕೃತಿಯನ್ನು ಮುಂದಿಟ್ಟ ಆ ತರುಣನಲ್ಲಿ ಪ್ರಹಸನಕ್ಕೆ ಬೇಕಾದ ನಗೆಯೂ ಉಂಟು, ಬಾಲಕರಿಗೆ ಬೇಕಾದ ಧೈರ್ಯವೂ ಉಂಟು. ಹಾಸ್ಯಕಾರರು ಅವನನ್ನು ಬೇಕಾದ ರಾಜನ ಆಸ್ಥಾನದಲ್ಲಿ ಕೂಡಿಸಲಿ. ಅವನ ಕೈಯ ಓಲೆಗರಿಯನ್ನು ಮಾತ್ರ ಕಸಿದುಕೊಳ್ಳದಿರಲಿ.